ಶರ್ವಾಣಿಯ ಕಾಲಿಗೆ ನೀರು

ನಮ್ಮೂರಲ್ಲಿ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ಮೊದಲು ನಾವು ಸ್ವಲ್ಪ ಯೋಚನೆ ಮಾಡುತ್ತೇವೆ. ಇದನ್ನು ಕಂಡು ಹೊರಗಿನವರು ನಮ್ಮನ್ನು ಜಿಪುಣರು ಎನ್ನುತ್ತಾರೆ. ಅನ್ನಲಿ. ಅವರ ಊರಲ್ಲಿ ನೀರು ಕೊಟ್ಟವರಿಗೆ ಹೋಗುವುದು ಒಂದು ಚೆಂಬು ನೀರು, ಅಷ್ಟೆ. ನಮ್ಮೂರಲ್ಲಿ ಕಾಲು ತೊಳೆದವರ ದಣಿವು ಅಷ್ಟೂ ನೀರು ಕೊಟ್ಟವರ ಮೈಗೆ ಬಂದು ಸೇರುತ್ತದೆ. ಬಂದವರು ಆಗಷ್ಟೇ ಎದ್ದವರ ಹಾಗೆ ಹಗುರಾಗಿ ಒಳಗೆ ಬರುತ್ತಾರೆ. ಕೊಟ್ಟವರು ಚೆಂಬು ಕೆಳಗಿಟ್ಟು ಗೋಡೆ ಹಿಡಿದುಕೊಳ್ಳುತ್ತಾರೆ.

ಹಾಗಾಗಿ ನಮ್ಮಲ್ಲಿ ಪ್ರತಿ ಮನೆಯ ಮುಂದೂ ಒಂದು ನಲ್ಲಿ. ಅಂಚೆಯವನು, ಗ್ಯಾಸ್ ಸಿಲಿಂಡರ್ ತರುವವನು, ದೂರದ ನೆಂಟರು ಎಲ್ಲ ತಾವೇ ನಲ್ಲಿ ತಿರುಗಿಸಿ ಕಾಲು ತೊಳೆದುಕೊಂಡು ಬರುತ್ತಾರೆ. ಅವರ ದಣಿವು ಅವರ ಹತ್ತಿರವೇ ಇರುತ್ತದೆ, ಯಾರಿಗೂ ತಕರಾರಿಲ್ಲ. ಕೈಯಾರೆ ನೀರು ಕೊಡುವುದು ಬೇಕಾದವರಿಗೆ ಮಾತ್ರ. ಹೊಸ ಸೊಸೆಗೆ ಅತ್ತೆ ಚೆಂಬು ಹಿಡಿದಳೋ ಇಲ್ಲವೋ ಎಂದು ಇಡೀ ಬೀದಿ ಕಿಟಕಿಯಲ್ಲಿ ನಿಂತು ನೋಡುತ್ತದೆ. ಗಂಡ ಹೆಂಡಿರ ಜಗಳ ಮುಗಿಯಿತು ಎಂದು ನಮಗೆ ತಿಳಿಯುವುದೂ ಸಂಜೆ ಹೊತ್ತು ಚೆಂಬು ಯಾರ ಕೈಯಲ್ಲಿದೆ ಎನ್ನುವುದರಿಂದ. ಒಂದು ಸಲ ಯಾರಾದರೂ ಹಿಡಿದ ಮೇಲೆ ಬೇಡ ಎನ್ನುವುದು ಮಾತ್ರ ಯಾರೂ ಮಾಡದ ಕೆಲಸ. ಅದು ಮುಖಕ್ಕೆ ಉಗಿದಷ್ಟೇ ದೊಡ್ಡ ಅವಮಾನ.

ಎಲ್ಲರ ದಣಿವೂ ಒಂದೇ ಥರ ಇರುವುದಿಲ್ಲ ಎಂಬುದೂ ನಮಗೆ ಗೊತ್ತು. ಮೇಷ್ಟರ ದಣಿವು ಗಂಟಲಿಗೆ ಬರುತ್ತದೆ, ಬಸ್ ಡ್ರೈವರನದು ಸೊಂಟಕ್ಕೆ. ನಮ್ಮವರದು ಹೆಗಲಿಗೆ ಬರುತ್ತಿತ್ತು, ಏಕೆಂದರೆ ನಮ್ಮದು ಹಿಟ್ಟಿನ ಗಿರಣಿ. ದಿನವೆಲ್ಲ ಮೂಟೆ ಎತ್ತುವ ಕೆಲಸ. ನಾನು ಅಂಬುಜಾಕ್ಷಿ. ಮದುವೆಯಾದ ದಿನದಿಂದ ನಮ್ಮವರ ದಣಿವನ್ನು ನಾನು, ನನ್ನದನ್ನು ಅವರು, ಹೀಗೆ ಅದಲು ಬದಲು ಮಾಡಿಕೊಂಡು ಸಂಸಾರ ಸಾಗಿಸಿದವರು ನಾವು. ಆಮೇಲೆ ನಮ್ಮವರಿಗೆ ಎದೆನೋವು ಬಂತು, ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇವರು ಇನ್ನು ಮೇಲೆ ಅಳಿಲಿನ ದಣಿವನ್ನೂ ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡರೆ ನನ್ನ ಹತ್ತಿರ ಕರೆತರುವ ಕೆಲಸವೂ ಇರುವುದಿಲ್ಲ ಎಂದರು. ಅಂದಿನಿಂದ ಮನೆಯ ಚೆಂಬು ನನ್ನೊಬ್ಬಳ ಕೈಯಲ್ಲಿ. ನನ್ನ ದಣಿವನ್ನು ನಾನೇ ಮಲಗಿ ಕಳೆದುಕೊಳ್ಳುತ್ತಿದ್ದೆ.

ವರ್ಷಕ್ಕೊಮ್ಮೆ ಬಿಸಿಲು ಏರುವ ಹೊತ್ತಿಗೆ ನಮ್ಮೂರ ಕ್ಲಬ್ಬಿನ ಕೆಮ್ಮಣ್ಣಿನ ಅಂಗಳದಲ್ಲಿ ಹೆಂಗಸರ ಟೆನಿಸ್ ಟೂರ್ನಿ ನಡೆಯುತ್ತದೆ. ಬಹುಮಾನ ದೊಡ್ಡದಲ್ಲ, ಊರೂ ದೊಡ್ಡದಲ್ಲ. ಆದರೂ ಆಟವನ್ನೇ ಕಸುಬು ಮಾಡಿಕೊಂಡ ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬರುತ್ತಾರೆ. ಬೇರೆ ಊರುಗಳಲ್ಲಿ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಕಾಲು ಸೋತು, ಹೆಗಲು ಊದಿ, ಅರ್ಧ ಜನ ಐಸು ಕಟ್ಟಿಕೊಂಡು ಕೂತಿರುತ್ತಾರಂತೆ. ನಮ್ಮಲ್ಲಿ ಕೊನೆಯ ದಿನವೂ ಮೊದಲ ದಿನದ ಹಾಗೆ ಓಡುತ್ತಾರೆ. ಒಬ್ಬೊಬ್ಬ ಆಟಗಾರ್ತಿಗೆ ಒಂದೊಂದು ಮನೆ ಎಂದು ಕ್ಲಬ್ಬಿನವರು ಚೀಟಿ ಎತ್ತುತ್ತಾರೆ. ಆ ಮನೆಯವರು ಊಟ, ಹಾಸಿಗೆಯ ಜೊತೆಗೆ ಸಂಜೆ ಕಾಲಿಗೆ ನೀರನ್ನೂ ಕೊಡಬೇಕು. ಒಂದೇ ಕಟ್ಟಳೆ ಏನೆಂದರೆ, ಆಟಗಾರ್ತಿಯ ದಣಿವು ಅವಳು ಇಳಿದುಕೊಂಡ ಮನೆಯಲ್ಲೇ ಕರಗಬೇಕು. ಪಕ್ಕದ ಮನೆಯವರು ಪಾಲು ತೆಗೆದುಕೊಂಡರೆ ಆಟಗಾರ್ತಿ ಟೂರ್ನಿಯಿಂದ ಹೊರಗೆ.

ಅಂದರೆ ನಿಜವಾಗಿ ಆಡುವುದು ಮನೆಗಳೇ. ದೊಡ್ಡ ಸಂಸಾರದವರ ಕಡೆ ಇಳಿದವಳೇ ಸಾಮಾನ್ಯವಾಗಿ ಬಹುಮಾನದ ಕಪ್ಪು ಹೊತ್ತುಕೊಂಡು ಹೋಗುತ್ತಾಳೆ. ಆ ವರ್ಷ ನಮ್ಮ ಮನೆಯ ಹೆಸರು ಎದ್ದಾಗ ಕ್ಲಬ್ಬಿನವರೇ, ನಿಮ್ಮನೆಯ ಪರಿಸ್ಥಿತಿ ಗೊತ್ತು, ಬೇಡ ಅನ್ನಿ, ತಪ್ಪು ತಿಳಿಯುವುದಿಲ್ಲ ಎಂದರು. ನನಗೆ ರೇಗಿತು. ಮೂಟೆ ಹೊತ್ತ ಮೈ ಇದು, ಚೆಂಡು ಹೊಡೆಯುವ ಒಬ್ಬ ಹುಡುಗಿಯ ದಣಿವು ಏನು ಮಹಾ ಎಂದು ಒಪ್ಪಿಕೊಂಡು ಬಂದೆ. ನಮ್ಮವರು ನಕ್ಕರು. ಅವರು ನಕ್ಕರೆ ನನಗೆ ಇನ್ನೂ ರೇಗುತ್ತದೆ.

ಹುಡುಗಿ ಎಂದುಕೊಂಡರೆ ಬಂದವಳು ಮೂವತ್ತು ದಾಟಿದ ಹೆಂಗಸು. ಹೆಸರು ಶರ್ವಾಣಿ. ತನಗಿಂತ ದೊಡ್ಡ ಎರಡು ಚೀಲ, ಬಲ ಮಂಡಿಯ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ಬಂದವಳೇ ನಮಸ್ತೆ ಆಂಟಿ ಎಂದಳು. ಆಂಟಿ ಎಂದರೆ ಈ ಮನೆಯಲ್ಲಿ ಊಟ ಇಲ್ಲ ಎಂದೆ. ಅಂದಿನಿಂದ ನಾನು ಅಕ್ಕ ಆದೆ, ನಮ್ಮವರು ಮಾತ್ರ ಅಂಕಲ್ ಆಗಿಯೇ ಉಳಿದರು. ನೀರು ಕೊಡುವವಳು ನಾನೊಬ್ಬಳೇ, ಇವರ ಎದೆ ಹೀಗೆ ಎಂದು ಮೊದಲ ದಿನವೇ ಅವಳಿಗೆ ಹೇಳಿದೆ. ಅವಳೂ ಮುಚ್ಚುಮರೆಯಿಲ್ಲದೆ ತನ್ನ ಕಥೆ ಹೇಳಿದಳು. ಮಂಡಿ ಕೆಟ್ಟು ಬಹಳ ಕಾಲ ಆಟ ಬಿಟ್ಟಿದ್ದಳು. ರ‍್ಯಾಂಕಿಂಗ್ ಪಾತಾಳಕ್ಕೆ ಇಳಿದಿತ್ತು. ಇಲ್ಲಿ ಕಪ್ಪು ಗೆದ್ದರೆ ಮೇಲಿನ ದೊಡ್ಡ ಟೂರ್ನಿಗಳಿಗೆ ಮತ್ತೆ ಬಾಗಿಲು ತೆರೆಯುತ್ತದೆ. ಇಲ್ಲವಾದರೆ ಯಾವುದೋ ಶಾಲೆಯಲ್ಲಿ ಆಟದ ಟೀಚರ್ ಕೆಲಸ ಕಾದಿದೆ, ಟೂರ್ನಿ ಮುಗಿದ ಮಾರನೇ ದಿನ ಅವರಿಗೆ ಹೂಂ ಎನ್ನಬೇಕು.

“ಆ ಕೆಲಸ ಕೆಟ್ಟದ್ದೇನಲ್ಲ ಅಕ್ಕ,” ಎಂದಳು. “ಆದ್ರೆ ನಾನು ಇನ್ನೂ ಮುಗ್ದಿಲ್ಲ ಅನ್ಸುತ್ತೆ.”

ಆ ಮಾತು ನನ್ನ ಎದೆಗೆ ನಾಟಿತು. ಇವಳನ್ನು ಕಪ್ಪಿನ ತನಕ ನಾನೇ ಮುಟ್ಟಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನನಗೆ ಆಟದ ತಲೆಬುಡ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಮೊದಲ ಸುತ್ತು ಗೆದ್ದು ಬಂದಳು. ಬಾಗಿಲಲ್ಲಿ ಚೆಂಬು ಹಿಡಿದೆ. ಅವಳು ಕಾಲ ಮೇಲೆ ನೀರು ಸುರಿದುಕೊಳ್ಳುತ್ತಿದ್ದಂತೆ ನನ್ನ ಬಲ ಹೆಗಲು ತಿರುಚಿದ ಹಾಗಾಯಿತು, ತೊಡೆಯಲ್ಲಿ ಬೆಂಕಿ ಇಟ್ಟ ಹಾಗೆ, ಪಾದದ ಮುಂಭಾಗ ಕಾದ ಕಾವಲಿಯ ಮೇಲಿಟ್ಟ ಹಾಗೆ. ಇಷ್ಟು ವರ್ಷ ಹೊತ್ತ ಮೂಟೆಗಳೆಲ್ಲ ಇದರ ಮುಂದೆ ಹತ್ತಿ. ಆದರೂ ನಗುತ್ತಾ ಒಳಗೆ ಬಾರಮ್ಮ ಎಂದೆ. ಅವಳು ಚಂಗನೆ ಹೊಸಲು ದಾಟಿ, ನಮ್ಮವರ ಜೊತೆ ಮಾತಾಡುತ್ತಾ ಅಡುಗೆಮನೆಗೇ ನುಗ್ಗಿ ಚಪಾತಿ ಲಟ್ಟಿಸಲು ಕೂತಳು. ನಾನು ಉಂಡವಳೇ ಹಾಸಿಗೆಗೆ ಬಿದ್ದೆ. ಅಂಥ ನಿದ್ದೆ ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಡಬ್ಬದಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲ ಸುಲಿದಿಟ್ಟಿದ್ದಳು. ಮಾರನೇ ದಿನ ಅಕ್ಕಿಯಲ್ಲಿ ಒಂದು ಕಲ್ಲು ಉಳಿದಿರಲಿಲ್ಲ. ಅದರ ಮಾರನೇ ದಿನ ಬೀರುವಿನ ಬಟ್ಟೆಗಳೆಲ್ಲ ಬಣ್ಣದ ಪ್ರಕಾರ ಮಡಿಸಿ ಕೂತಿದ್ದವು, ನಮ್ಮವರ ಹಳೆಯ ಪಂಚೆಯೂ ಸೇರಿ. ಎಂಥ ಸಂಸ್ಕಾರದ ಹೆಣ್ಣು ಎಂದು ಗಿರಣಿಗೆ ಬಂದವರ ಹತ್ತಿರವೆಲ್ಲ ಹೊಗಳಿದೆ. ನಿದ್ದೆ ಬರುವುದಿಲ್ಲ, ಎಷ್ಟು ಹೊರಳಿದರೂ ಕಣ್ಣು ಕೂಡುವುದಿಲ್ಲ ಎಂದು ಒಂದೆರಡು ಸಲ ಅವಳು ಹೇಳಿದ್ದುಂಟು. ಪಂದ್ಯದ ಚಿಂತೆ ಇರುತ್ತದಮ್ಮ, ಹಾಲಿಗೆ ಜಾಯಿಕಾಯಿ ಹಾಕಿಕೊಡುತ್ತೇನೆ ಎಂದೆ. ಎಲ್ಲ ಆಟಗಾರ್ತಿಯರೂ ನಮ್ಮೂರಲ್ಲಿ ಹಾಗೇ ಹೇಳುತ್ತಾರೆ. ನಾವು ಎಲ್ಲರಿಗೂ ಜಾಯಿಕಾಯಿಯನ್ನೇ ಕೊಡುತ್ತೇವೆ.

ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಹೆಸರು ಮಾತ್ರ ಇಂಚರ. ಹತ್ತೊಂಬತ್ತರ ಹುಡುಗಿ, ಜಿಂಕೆಯ ಹಾಗೆ ಓಡುತ್ತಿದ್ದಳು. ಅವಳ ಅಪ್ಪ ಅಮ್ಮ ದೂರದೂರಲ್ಲಿ, ಜೊತೆಗೆ ಯಾರೂ ಬಂದಿರಲಿಲ್ಲ. ಇಳಿದದ್ದು ಕಲ್ಲೇಶಪ್ಪನವರ ಮನೆಯಲ್ಲಿ. ಅಣ್ಣತಮ್ಮಂದಿರು, ಸೊಸೆಯಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು ಎಲ್ಲ ಸೇರಿ ಆ ಮನೆಯ ಊಟದ ಪಂಕ್ತಿ ಹಿತ್ತಲ ತನಕ ಹೋಗುತ್ತದೆ. ಕಲ್ಲೇಶಪ್ಪನವರ ಹೆಂಡತಿ ಶಾಂತವೀರಮ್ಮ ಹಟಕ್ಕೆ ಬಿದ್ದವರ ಹಾಗೆ ಆ ಹುಡುಗಿಗೆ ಬೆಳಿಗ್ಗೆ ಅಭ್ಯಾಸ ಮುಗಿಸಿ ಬಂದಾಗ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಎಂದು ಸರದಿ ಹಾಕಿ ನೀರು ಕೊಡಿಸುತ್ತಿದ್ದರು. ದಣಿವು ಎಂಬುದು ಆ ಹುಡುಗಿಯ ಮೈಯಲ್ಲಿ ಒಂದು ಗಳಿಗೆಯೂ ಕೂರುತ್ತಿರಲಿಲ್ಲ. ಅವರು ಗಿರಣಿಗೆ ಗೋಧಿ ತಂದಾಗ ಇದನ್ನೇ ಹೇಳಿಕೊಳ್ಳುವರು, ನಾನು ಹಲ್ಲು ಕಚ್ಚಿಕೊಂಡು ಹಿಟ್ಟು ತುಂಬುವೆ. ಹೊಟ್ಟೆಕಿಚ್ಚೇ ಸರಿ, ಅದಕ್ಕೆ ಬೇರೆ ಹೆಸರು ಬೇಡ.

ಕ್ವಾರ್ಟರ್ ಫೈನಲ್ ಉದ್ದಕ್ಕೆ ಎಳೆಯಿತು. ಆ ಸಂಜೆ ನೀರು ಕೊಟ್ಟ ಮೇಲೆ ನಾನು ನಡುಮನೆಯ ತನಕ ತೆವಳಿಕೊಂಡು ಹೋದೆ ಎಂದರೂ ಆಗುತ್ತದೆ. ಮಲಗಿ ಎದ್ದರೂ ಹಳೆಯದು ಪೂರ್ತಿ ಕರಗಿರುತ್ತಿರಲಿಲ್ಲ, ಅದರ ಮೇಲೆ ಹೊಸದು ಬಂದು ಕೂರುತ್ತಿತ್ತು. ಗಿರಣಿಯಲ್ಲಿ ರಾಗಿ ತಂದವರಿಗೆ ಅಕ್ಕಿ ಹಿಟ್ಟು, ಅಕ್ಕಿ ತಂದವರಿಗೆ ಕಡಲೆ ಹಿಟ್ಟು ಹೋಯಿತು. ಪಾಪ, ಬೀದಿಯವರು ವಾಪಸು ತಂದು ಗೊಣಗದೆ ಬದಲಾಯಿಸಿಕೊಂಡು ಹೋದರು. ಯಾರಿಗೂ ನನ್ನಿಂದ ಒಂದು ಚೆಂಬಿನಷ್ಟೂ ತೆಗೆದುಕೊಳ್ಳುವ ಹಾಗಿರಲಿಲ್ಲ, ತೆಗೆದುಕೊಂಡರೆ ಶರ್ವಾಣಿ ಟೂರ್ನಿಯಿಂದ ಹೊರಗೆ ಬೀಳುತ್ತಿದ್ದಳು.

ಸೆಮಿಫೈನಲ್ ದಿನ ನಾನು ಏಳಲಿಲ್ಲ. ಏಳಲಿಲ್ಲ ಎಂದರೆ, ಎದ್ದು ಬಾಗಿಲ ಬಳಿಯ ಕುರ್ಚಿಯ ತನಕ ಬಂದೆ, ಅಲ್ಲಿಂದಾಚೆಗೆ ಕಾಲು ನನ್ನ ಮಾತು ಕೇಳಲಿಲ್ಲ. ಆಟ ನೋಡಲು ಹೋಗಲಾಗಲಿಲ್ಲ. ಬಿಸಿಲು ಕುದಿಯುತ್ತಿತ್ತು. ಕ್ಲಬ್ಬಿನ ಕಡೆಯಿಂದ ಆಗಾಗ ಚಪ್ಪಾಳೆ ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಗೆಲ್ಲಲಿ ಎಂದೂ ಅನಿಸುತ್ತಿತ್ತು, ಬೇಗ ಮುಗಿಯಲಿ ಎಂದೂ ಅನಿಸುತ್ತಿತ್ತು. ಹೊತ್ತು ಇಳಿಯುವಾಗ ಒಬ್ಬರು ಸೈಕಲ್ಲಿನಲ್ಲಿ ಹೋಗುತ್ತಾ, ನಿಮ್ಮವಳು ಗೆದ್ದಳು, ನಾಳೆ ಇಂಚರಳ ಜೊತೆ ಫೈನಲ್ ಎಂದು ಕೂಗಿ ಹೇಳಿದರು.

ಆಗ ಹಿತ್ತಲಲ್ಲಿ ಹಂಡೆಯಿಂದ ನೀರು ಬಗ್ಗಿಸಿದ ಸದ್ದಾಯಿತು. ನಮ್ಮವರು ಚೆಂಬು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದರು. ನನ್ನ ಮುಖ ನೋಡಲಿಲ್ಲ. ಹೋಗಿ ಗೇಟಿನ ಹತ್ತಿರ ನಿಂತುಕೊಂಡರು.

“ರೀ, ಒಳಗೆ ಬನ್ನಿ,” ಎಂದೆ. “ನನ್ನಾಣೆ, ಬನ್ನಿ ಒಳಗೆ.”

“ಒಂದು ದಿನ ತಾನೆ ಅಂಬುಜ,” ಎಂದರು, ಬೀದಿಯ ಕಡೆಗೇ ನೋಡುತ್ತಾ. “ಇಷ್ಟು ದೂರ ಬಂದು ಆ ಮಗು ನಮ್ಮನೆ ಬಾಗಿಲಲ್ಲಿ ಸೋಲ್ಬೇಕಾ? ನಂಗೇನೂ ಆಗಲ್ಲ ಬಿಡು.”

ಏಳಲು ಪ್ರಯತ್ನ ಮಾಡಿದೆ. ಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಎದ್ದು ಮತ್ತೆ ಬಿದ್ದೆ. ಅಷ್ಟರಲ್ಲಿ ಆಟೋ ಬಂತು. ಶರ್ವಾಣಿ ಇಳಿದಳು, ಇಳಿದು ಆಟೋದ ಕಂಬಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು. ಮೊಣಕಾಲ ತನಕ ಕೆಮ್ಮಣ್ಣು, ತುಟಿ ಒಣಗಿ ಬಿರಿದಿತ್ತು. ಬಲಗಾಲು ನೆಲಕ್ಕೆ ಊರಲು ಹೆದರುವಂತೆ ನಡೆದು ಗೇಟಿನ ತನಕ ಬಂದಳು. ನಮ್ಮವರು ಚೆಂಬು ಮುಂದೆ ಹಿಡಿದರು. ಎದುರುಮನೆಯ ಕಿಟಕಿ ತೆರೆದದ್ದು ನನಗೆ ಕಂಡಿತು. ಶರ್ವಾಣಿ ಚೆಂಬನ್ನು ನೋಡಿದಳು, ನಮ್ಮವರ ಮುಖ ನೋಡಿದಳು, ಬಾಗಿಲಲ್ಲಿ ಕೂತ ನನ್ನನ್ನು ನೋಡಿದಳು.

“ಅಂಕಲ್, ಆ ನೀರನ್ನ ಗಿಡಕ್ಕೆ ಹಾಕ್ಬಿಡಿ,” ಎಂದಳು.

ಹಾಗೆಂದು ಬೂಟುಗಾಲಲ್ಲೇ ಒಳಗೆ ಬಂದಳು. ಕಾಲು ತೊಳೆಯದೆ, ಬೂಟು ಬಿಚ್ಚದೆ, ನಾನು ದಿನಾ ಒರೆಸುವ ಆ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿಸುತ್ತಾ ಬಂದು ನನ್ನ ಕುರ್ಚಿಯ ಪಕ್ಕ ನೆಲಕ್ಕೆ ಕುಸಿದು ಕೂತಳು. ನಮ್ಮ ಮನೆಗೆ ಅಂಥ ಅವಮಾನ ಯಾರೂ ಮಾಡಿರಲಿಲ್ಲ. ನಾನು ಅವಳ ತಲೆ ಹಿಡಿದುಕೊಂಡು ಗಟ್ಟಿಯಾಗಿ ಅತ್ತೆ. ಅಷ್ಟು ಹಗುರಾಗಿತ್ತು ಎದೆ. ನಮ್ಮವರು ಹೊರಗೆ ಚೆಂಬು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ನಿಧಾನವಾಗಿ ದಾಸವಾಳದ ಬುಡಕ್ಕೆ ನೀರು ಬಿಟ್ಟರು.

ಅತ್ತು ಮುಗಿದ ಮೇಲೆ ಭಯ ಹುಟ್ಟಿತು. ನಾಳೆ ಹೇಗೆ ಆಡುತ್ತೀಯ, ಇರು, ನಾನೇ ಹೇಗಾದರೂ ಎದ್ದು ಕೊಡುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ಬೇರೆ ಊರಲ್ಲಿ ಹೇಗೆ ಆಡುತ್ತೇನೋ ಹಾಗೆ ಆಡುತ್ತೇನೆ, ಅಲ್ಲಿ ನನಗೆ ಯಾರು ನೀರು ಕೊಡುತ್ತಾರೆ ಎಂದಳು. ಹೊರಗಿನ ನಲ್ಲಿಯಲ್ಲಿ ತಾನೇ ಕಾಲು ತೊಳೆದುಕೊಂಡು ಬಂದು ಊಟಕ್ಕೆ ಕೂತಳು. ಸಾರನ್ನ ಉಂಡಳು. ಮೊಸರನ್ನ ಕಲಸುತ್ತಾ ಕಲಸುತ್ತಾ ಕೈ ತಟ್ಟೆಯಲ್ಲೇ ನಿಂತಿತು. ನೋಡಿದರೆ, ಕೂತಲ್ಲೇ ಗೋಡೆಗೆ ಒರಗಿ ನಿದ್ದೆ. ಇನ್ನೂ ಬೆಳಕಿತ್ತು. ನಮ್ಮವರು ಅವಳ ಕೈ ಒರೆಸಿ, ತಲೆಗೆ ದಿಂಬು ಕೊಟ್ಟು, ಅಲ್ಲೇ ಹೊದಿಸಿದರು. ಮಾರನೇ ದಿನ ಹಾಲಿನವನು ಬಂದು ಹೋಗಿ, ಬಿಸಿಲು ಅಂಗಳಕ್ಕೆ ಇಳಿದರೂ ಅವಳು ಮಗ್ಗುಲು ಬದಲಿಸಿರಲಿಲ್ಲ. ಬೆಳ್ಳುಳ್ಳಿ ಸುಲಿದಿರಲಿಲ್ಲ, ಒಂದು ಬಟ್ಟೆ ಮಡಿಸಿರಲಿಲ್ಲ.

ನಮ್ಮವರು ಕಾಫಿ ಹಿಡಿದುಕೊಂಡು ಅವಳನ್ನೇ ನೋಡುತ್ತಾ ನಿಂತಿದ್ದರು.

“ದಣಿವೆಲ್ಲಾ ನಾವೇ ತೊಗೊಂಡ್ಬಿಟ್ರೆ ನಿದ್ದೆ ಎಲ್ಲಿಂದ ಬರ್ಬೇಕು ಅಂಬುಜ?” ಎಂದರು.

ಇಷ್ಟು ವರ್ಷ ಟೂರ್ನಿ ನಡೆಸಿದ ಊರು ನಮ್ಮದು. ನಾವು ನಾವು ದಿನಾ ಕೊಟ್ಟು ತೆಗೆದುಕೊಳ್ಳುವವರು, ಮೈಯಲ್ಲಿ ಯಾರದ್ದೋ ಒಂದಿಷ್ಟು ದಣಿವು ಇದ್ದೇ ಇರುತ್ತದೆ, ನಿದ್ದೆಗೆ ಕೊರತೆಯಿಲ್ಲ. ಬಂದ ಹೆಣ್ಣುಮಕ್ಕಳಿಂದ ಮಾತ್ರ ಕೊನೆಯ ಹನಿ ತನಕ ತೆಗೆದುಕೊಂಡು, ನಿದ್ದೆ ಬರುವುದಿಲ್ಲ ಎಂದರೆ ಜಾಯಿಕಾಯಿ ತೇಯುತ್ತಿದ್ದೆವು. ನಾಚಿಕೆಯಾಯಿತು. ಅದರ ಬೆನ್ನಿಗೇ ಇಂಚರಳ ನೆನಪಾಯಿತು. ಮೂರು ಹೊತ್ತೂ ನೀರು ಕೊಟ್ಟ ಮನೆ ಅದು. ಆ ಹುಡುಗಿ ಬಂದಾಗಿನಿಂದ ಕಣ್ಣು ಮುಚ್ಚಿರಲಿಕ್ಕಿಲ್ಲ.

ಹೇಳುವುದೋ ಬಿಡುವುದೋ ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದರೆ ಶರ್ವಾಣಿಯ ಎದುರಾಳಿಗೆ ಅನುಕೂಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹತ್ತೊಂಬತ್ತು ವರ್ಷದ ಕೂಸು ಅದು, ಅಮ್ಮನ ಮನೆ ಬಿಟ್ಟು ಬಂದದ್ದು. ನನ್ನ ಕಾಲುಗಳಿಗೆ ರಾತ್ರಿಯ ನಿದ್ದೆಯಿಂದ ಸ್ವಲ್ಪ ಜೀವ ಬಂದಿತ್ತು. ಗೋಡೆ ಗೋಡೆ ಹಿಡಿದುಕೊಂಡು ಕಲ್ಲೇಶಪ್ಪನವರ ಮನೆಗೆ ಹೋದೆ.

ಶಾಂತವೀರಮ್ಮ ಜಗುಲಿಯಲ್ಲೇ ಇದ್ದರು. ನಾನು ವಿಷಯ ಹೇಳುತ್ತಿದ್ದ ಹಾಗೆ ಅವರ ತುಟಿಯಲ್ಲಿ ನಗು ಮೂಡಿತು.

“ನಿಮ್ಮನೇಲಿ ಕೊಡೋರಿಲ್ಲ ಅಂತ ನಮ್ಮನೇಲೂ ನಿಲ್ಲಿಸ್ಬೇಕಾ ಅಂಬುಜಕ್ಕ?” ಎಂದರು. “ನಮ್ಮಲ್ಲಿ ಕೈಗಳಿಗೇನೂ ಬರ ಬಂದಿಲ್ಲ.”

ಆಮೇಲೆ ಒಳಗೆ ಕರೆದು, ಎಂಥ ಹುಡುಗಿ ನೋಡಿ ಎಂದು ತೋರಿಸಿದರು. ಅಟ್ಟದ ಮೇಲಿದ್ದ ಹಿತ್ತಾಳೆ ಸಾಮಾನೆಲ್ಲ ಇಳಿಸಿ ಬೆಳಗಿಟ್ಟಿದ್ದಳಂತೆ, ದೇವರಮನೆಯ ಸಣ್ಣ ಘಂಟೆಯ ನಾಲಗೆಯನ್ನೂ ಬಿಟ್ಟಿಲ್ಲ. ಸಾಲು ಕೊಡಗಳ ಹಿಂದೆ ಇಂಚರ ನಿಂತಿದ್ದಳು, ನಗುಮುಖ, ಮೈಯಲ್ಲಿ ಚೂರೂ ಆಯಾಸವಿಲ್ಲ. ಕಣ್ಣು ಮಾತ್ರ ರೆಪ್ಪೆ ಹೊಡೆಯುವುದನ್ನೇ ಮರೆತಂತಿತ್ತು. ಇವತ್ತು ಬೆಳಗಿನ ನೀರು ಬೇಡ ಎನ್ನು ಮಗಳೇ, ಸ್ವಲ್ಪ ಮಲಗು ಎಂದು ಅವಳಿಗೂ ಹೇಳಿದೆ. ಅವಳು ಶಾಂತವೀರಮ್ಮನ ಮುಖ ನೋಡಿದಳು. ಕೊಟ್ಟ ನೀರನ್ನು ಬೇಡ ಎನ್ನಬಾರದು ಎಂದು ಅವಳಿಗೆ ಯಾರೋ ಮೊದಲ ದಿನವೇ ಚೆನ್ನಾಗಿ ಕಲಿಸಿದ್ದರು. ನಾನು ವಾಪಸು ಬಂದೆ. ಹೇಳುವಷ್ಟು ಹೇಳಿದ್ದೆ.

ಫೈನಲ್‌ಗೆ ಇಡೀ ಊರು ನೆರೆದಿತ್ತು. ನಮ್ಮವರು ನನ್ನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ನೆರಳಿರುವ ಕಡೆ ಕೂರಿಸಿದರು. ಮೊದಲ ಸೆಟ್ ನೋಡಲಾಗಲಿಲ್ಲ. ಶರ್ವಾಣಿಯ ಮೈ ಮರಗಟ್ಟಿತ್ತು, ಮಂಡಿ ಬಗ್ಗುತ್ತಿರಲಿಲ್ಲ. ಇಂಚರ ಅತ್ತ ಇತ್ತ ಹಾರಾಡಿ ನೋಡನೋಡುವಷ್ಟರಲ್ಲಿ ಸೆಟ್ ಮುಗಿಸಿಬಿಟ್ಟಳು. ನಮ್ಮ ಸುತ್ತ ಕೂತವರು ನಮ್ಮನ್ನು ನೋಡಿ ಮುಖ ತಿರುಗಿಸಿಕೊಂಡರು, ಕನಿಕರಕ್ಕೆ. ನಾನು ನನ್ನ ಕಾಲಿಗೆ ಶಾಪ ಹಾಕಿದೆ.

ಎರಡನೇ ಸೆಟ್ಟಿನಲ್ಲಿ ಶರ್ವಾಣಿ ಬೇರೆ ಥರ ಆಡತೊಡಗಿದಳು. ದಣಿದವರು ಮನೆಗೆಲಸ ಮಾಡುವುದನ್ನು ನೋಡಿದ್ದೀರಲ್ಲ, ಒಂದು ಹೆಜ್ಜೆ ಉಳಿಯುವುದಾದರೂ ಉಳಿಸುತ್ತಾರೆ, ಅಡುಗೆಮನೆಗೆ ಹೋದಾಗಲೇ ನಾಲ್ಕು ಕೆಲಸ ಮುಗಿಸಿ ಬರುತ್ತಾರೆ. ಹಾಗಿತ್ತು ಅವಳ ಆಟ. ತನಗೆ ಎಟುಕದ ಚೆಂಡಿನ ಹಿಂದೆ ಓಡಲೇ ಇಲ್ಲ. ಎಟುಕಿದ್ದನ್ನು ಮಾತ್ರ ಇಂಚರ ಇಲ್ಲದ ಮೂಲೆಗೆ, ಮೆತ್ತಗೆ, ಎತ್ತರಕ್ಕೆ, ಮತ್ತೆ ಮತ್ತೆ ಕಳಿಸಿದಳು. ಪಾಯಿಂಟು ಪಾಯಿಂಟಿನ ನಡುವೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಳು. ಇಂಚರ ಓಡಿಯೇ ಓಡಿದಳು. ಆ ಸೆಟ್ ಶರ್ವಾಣಿಗೆ ಬಂತು.

ಮೂರನೆಯದರಲ್ಲಿ ಇಬ್ಬರೂ ಸಮಸಮ. ಬಿಸಿಲು ಇಳಿಯುತ್ತಾ ಬಂದರೂ ಮುಗಿಯುವ ಲಕ್ಷಣವಿರಲಿಲ್ಲ. ಶರ್ವಾಣಿ ಕುಂಟುತ್ತಿದ್ದಳು, ಆದರೆ ಕುಂಟಿಕೊಂಡೇ ತಲುಪುತ್ತಿದ್ದಳು. ಇಂಚರಳ ಹೆಜ್ಜೆ ಮೊದಲ ಸಲ ಭಾರವಾದದ್ದು ನನಗೆ ಕಂಡಿತು. ನಮ್ಮೂರಿಗೆ ಬಂದ ಮೇಲೆ ಅವಳಿಗೆ ನಿಜವಾದ ದಣಿವು ಆಗಿದ್ದು ಅವತ್ತೇ. ಕೊನೆಗೆ ಇಂಚರ ಐದು, ಶರ್ವಾಣಿ ನಾಲ್ಕು. ಇನ್ನೊಂದು ಗೇಮ್ ಇಂಚರಳಿಗೆ ಬಂದರೆ ಕಪ್ಪು ಅವಳದು, ಶರ್ವಾಣಿ ಶಾಲೆಗೆ. ಬದಿ ಬದಲಾಯಿಸುವ ಮೊದಲು ಇಬ್ಬರೂ ಅಂಪೈರಿನ ಅತ್ತ ಇತ್ತ ಇದ್ದ ಕುರ್ಚಿಗಳಲ್ಲಿ ಕೂತರು. ನಾನು ನಮ್ಮವರ ಕೈ ಹಿಡಿದುಕೊಂಡಿದ್ದೆ.

ಅಂಪೈರು ಟೈಮ್ ಎಂದರು. ಶರ್ವಾಣಿ ಎದ್ದು ತನ್ನ ಜಾಗಕ್ಕೆ ಹೋದಳು. ಇಂಚರ ತಲೆಯ ಮೇಲೆ ಟವಲು ಹಾಕಿಕೊಂಡು ಕೂತೇ ಇದ್ದಳು. ಅಂಪೈರು ಮತ್ತೊಮ್ಮೆ ಕರೆದರು, ಹೆಸರು ಹಿಡಿದು ಕರೆದರು. ಟವಲು ಜಾರಿ ನೆಲಕ್ಕೆ ಬಿತ್ತು. ಆ ಹುಡುಗಿಯ ಬಾಯಿ ಸ್ವಲ್ಪ ತೆರೆದಿತ್ತು, ತಲೆ ಹೆಗಲಿಗೆ ವಾಲಿತ್ತು. ಟೂರ್ನಿಯ ಡಾಕ್ಟರು ಓಡಿ ಬಂದು ನಾಡಿ ಹಿಡಿದು ನೋಡಿದರು, ಕಣ್ಣು ಬಿಡಿಸಿ ನೋಡಿದರು, ಏನೂ ಇಲ್ಲ, ಬರೀ ನಿದ್ದೆ ಎಂದರು. ಹೊರಗಿನಿಂದ ಬಂದ ಅಂಪೈರಮ್ಮ, ಹಾಗಾದರೆ ಎಬ್ಬಿಸಿ, ಎದ್ದು ಆಡದಿದ್ದರೆ ಪಂದ್ಯ ಎದುರಾಳಿಗೆ ಹೋಗುತ್ತದೆ, ನಿಯಮ ಅದು ಎಂದರು.

ಎಬ್ಬಿಸಲು ಬಂದವಳು ಶರ್ವಾಣಿಯೇ. ರ‍್ಯಾಕೆಟ್ ಕೆಳಗಿಟ್ಟು ಕುಂಟುತ್ತಾ ಬಂದು ಇಂಚರಳ ಹೆಗಲಿನ ಹತ್ತಿರ ಕೈ ಒಯ್ದಳು. ಒಯ್ದವಳು ಹಾಗೇ ನಿಂತಳು. ಹಿಂದಿನ ಸಂಜೆಯ ತನ್ನ ನಿದ್ದೆ ಅವಳಿಗೆ ನೆನಪಾಗಿರಬೇಕು. ಊರಿಗೆ ಊರೇ ಅವಳ ಕೈಯನ್ನು ನೋಡುತ್ತಿತ್ತು. ಆಗ ಎದುರುಗಡೆಯ ಸಾಲಿನಿಂದ ಶಾಂತವೀರಮ್ಮ ಎದ್ದು ನಿಂತರು. ಅವರ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ, ಕಣ್ಣಲ್ಲಿ ನೀರಿತ್ತು.

“ಏಳಿಸ್ಬೇಡಿ,” ಎಂದರು. “ಮಲಗ್ಲಿ ಬಿಡ್ರಮ್ಮ. ಬಂದಾಗಿನಿಂದ ಮಲಗಿಲ್ಲ ಅದು. ಮಲಗೋಕೆ ನಾವು ಬಿಟ್ಟಿಲ್ಲ.”

ನೀವು ಯಾರು ಎಂದು ಅಂಪೈರು ಕೇಳಿದರು. ಆ ಹುಡುಗಿ ಇಳಿದಿರುವ ಮನೆಯವಳು ಎಂದರು. ಶರ್ವಾಣಿ ಮೆಲುದನಿಯಲ್ಲಿ, ಅವಳು ಏಳುವ ತನಕ ಕಾಯಬಹುದೇ, ನನಗೇನೂ ಅವಸರವಿಲ್ಲ ಎಂದು ಕೇಳಿದಳು. ಅಂಪೈರು ಇಲ್ಲ ಎಂದು ತಲೆಯಾಡಿಸಿದರು. ಎಲ್ಲ ಎಚ್ಚರಿಕೆಗಳನ್ನೂ ಒಂದೊಂದಾಗಿ ಕೊಟ್ಟರು. ಕೊನೆಯದನ್ನು ಕೊಡುವಾಗ ಆ ಅಂಪೈರಮ್ಮನಿಗೂ ಏನೋ ಆಗಿತ್ತು. ಮೈಕಿಗೆ ಕೈ ಅಡ್ಡ ಹಿಡಿದು, ಪಂದ್ಯ ಶರ್ವಾಣಿಯದು ಎಂದು ಪಿಸುಗುಟ್ಟಿದರು.

ಒಂದು ಚಪ್ಪಾಳೆ ಬೀಳಲಿಲ್ಲ. ಯಾರೋ ಶಿಳ್ಳೆ ಹಾಕಲು ಬೆರಳು ಬಾಯಿಗೆ ಇಟ್ಟವನ ಕೈಯನ್ನು ಪಕ್ಕದವನು ಕೆಳಗೆಳೆದ. ಕ್ಲಬ್ಬಿನ ಅಧ್ಯಕ್ಷರು ಬೂಟು ಕಳಚಿಟ್ಟು, ತುದಿಗಾಲಲ್ಲಿ ಕಪ್ಪು ಹಿಡಿದುಕೊಂಡು ಬಂದು, ಏನು ಮಾಡಬೇಕೆಂದು ತೋಚದೆ ನಿಂತರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಇವಳು ಗೆದ್ದದ್ದಕ್ಕೋ, ಆ ಮಗು ಮಲಗಿದ್ದಕ್ಕೋ ನನಗೇ ತಿಳಿಯಲಿಲ್ಲ. ನಮ್ಮವರು ನನ್ನ ಬೆನ್ನು ಸವರಿದರು.

ಶರ್ವಾಣಿ ಕಪ್ಪು ಮುಟ್ಟಲಿಲ್ಲ. ಆಟ ಆಡಿದ ಮೇಲೆ ಕೈ ಕುಲುಕದೆ ಹೋಗುವ ಪದ್ಧತಿ ತಮ್ಮಲ್ಲಿಲ್ಲ, ಅವಳು ಏಳಲಿ ಎಂದಳು. ತನ್ನ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಇಂಚರಳ ಪಕ್ಕದಲ್ಲಿ ಹಾಕಿಕೊಂಡು ಕೂತಳು. ಕಾಲು ಚಾಚಿದಳು. ನಾವೆಲ್ಲ ನೋಡುತ್ತಿದ್ದ ಹಾಗೆಯೇ ಅವಳ ಗಲ್ಲ ಎದೆಗೆ ಇಳಿಯಿತು. ಅಲ್ಲಿಗೆ ಇಬ್ಬರೂ ನಿದ್ದೆ. ಯಾರೂ ಎದ್ದು ಹೋಗಲಿಲ್ಲ. ಒಂದು ಮಗು ಅತ್ತಿತು, ಅದರ ತಾಯಿ ಎತ್ತಿಕೊಂಡು ಗೇಟಿನಾಚೆ ಓಡಿದಳು. ಸೂರ್ಯ ಕ್ಲಬ್ಬಿನ ಗೋಡೆಯ ಕೆಳಗೆ ಇಳಿದ, ತಣ್ಣನೆ ಗಾಳಿ ಬಂತು. ಶಾಂತವೀರಮ್ಮ ಕೆಳಗಿಳಿದು ಬಂದು ತಮ್ಮ ಶಾಲನ್ನು ಇಬ್ಬರ ಮೇಲೂ ಹೊದಿಸಿದರು. ಅದು ಇಬ್ಬರಿಗೆ ಸಾಲದೆ ನಾನು ನನ್ನದನ್ನೂ ತೆಗೆದುಕೊಂಡು ಹೋಗಿ ಅವರ ಕಾಲಿಗೆ ಸುತ್ತಿ ಅಲ್ಲೇ ನೆಲದ ಮೇಲೆ ಕೂತೆ.

ಮಬ್ಬು ಕವಿಯುವಾಗ ಮೊದಲು ಕಣ್ಣು ಬಿಟ್ಟವಳು ಇಂಚರ. ತಾನು ಎಲ್ಲಿದ್ದೇನೆ ಎಂದು ತಿಳಿಯದೆ ಸುತ್ತಲೂ ನೋಡಿದಳು. ತುಂಬಿದ ಸಾಲುಗಳು, ಒಂದು ಸದ್ದಿಲ್ಲ. ಹತ್ತಿರ ಕೂತಿದ್ದ ನನ್ನ ಕಡೆ ಬಾಗಿ, ಯಾರು ಗೆದ್ದರು ಎಂದು ಉಸಿರಿನಲ್ಲೇ ಕೇಳಿದಳು. ನಾನು ಅವಳ ಪಕ್ಕದ ಕುರ್ಚಿ ತೋರಿಸಿದೆ. ಅವಳು ತಿರುಗಿ ಶರ್ವಾಣಿಯನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ದೊಡ್ಡದಾಗಿ ಒಂದು ಆಕಳಿಕೆ ತೆಗೆದಳು, ನಕ್ಕಳು, ಶಾಲಿನೊಳಗಿಂದ ಕೈ ಹೊರಗೆ ತೆಗೆದು, ಕುರ್ಚಿಯ ಅಂಚಿನಲ್ಲಿ ಇಳಿಬಿದ್ದಿದ್ದ ಶರ್ವಾಣಿಯ ಬಲಗೈಯನ್ನು ಹಿಡಿದು, ಅವಳಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಕುಲುಕಿದಳು.